ಪ್ಯಾಟನ್ ಮುಖದ ಸುಕ್ಕು ಎಲ್ಲಿ ಹೋಯ್ತು?

2008ರ ಜೂನ್‌ನಲ್ಲಿ ‘ಪ್ಯಾಟನ್’ ಚಿತ್ರದ ಬ್ಲೂ-ರೇ (ಹೈ ಡೆಫಿನಿಷನ್ ಡಿಸ್ಕ್) ಅಮೆರಿಕದಲ್ಲಿ ಬಿಡುಗಡೆಯಾಯಿತು. ಬಂದ ಹೊಸದರಲ್ಲಿ ಹೊಗಳಿಕೆಯೋ ಹೊಗಳಿಕೆ. ಒಂದು ಗೀರಿಲ್ಲ, ಒಂದು ಚುಕ್ಕಿಯಿಲ್ಲ, 1970ರ ಸಿನಿಮಾ ಅಂತ ಅನಿಸುವುದೇ ಇಲ್ಲ ಎಂಬ ಧಾಟಿಯ ವಿಮರ್ಶೆಗಳು ಬಂದವು. ಆಮೇಲೆ ಬೇರೆ ಮಾತು ಶುರುವಾಯಿತು. ಫಿಲ್ಮ್ ಪ್ರಿಂಟ್ ನೋಡಿ ಕಣ್ಣು ಪಳಗಿದವರು, ನಾಯಕನ ಮುಖ ಮೇಣದ ಗೊಂಬೆಯ ಮುಖದ ಹಾಗಿದೆಯಲ್ಲ ಎಂದರು. 2012ರಲ್ಲಿ ಅದೇ ಚಿತ್ರ ಮತ್ತೊಮ್ಮೆ ಬ್ಲೂ-ರೇ ಆಗಿ ಬಂತು. ಈ ಸಲ ಪರದೆ ಅಷ್ಟು ನುಣುಪಾಗಿರಲಿಲ್ಲ. ಬೇಸರಪಟ್ಟಿದ್ದವರು ಉಸಿರು ಬಿಟ್ಟರು.

ಎರಡೂ ಒಂದೇ ಚಿತ್ರ. ಎರಡೂ ಒಂದೇ ಅಳತೆಯ ಡಿಸ್ಕ್. ಎರಡರಲ್ಲೂ 1920 ಅಡ್ಡ, 1080 ಉದ್ದದ ಪಿಕ್ಸೆಲ್ ಲೆಕ್ಕವೇ. ಹಿಂಬದಿಯ ಕವರ್ ಓದಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಒಂದರಲ್ಲಿ ಸಿನಿಮಾ ಇದೆ, ಇನ್ನೊಂದರಲ್ಲಿ ಸಿನಿಮಾದ ಮೇಲೆ ಯಾರೋ ಪಾಲಿಶ್ ಹಾಕಿದ್ದಾರೆ. ಹಳೆಯ ಯುದ್ಧಚಿತ್ರವನ್ನು ಮನೆಯಲ್ಲಿ ಮತ್ತೆ ನೋಡಲು ಕೂತವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಚಿತ್ರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾನಿ ಜಾರ್ಜ್ ಎಸ್. ಪ್ಯಾಟನ್ ಕಥೆ. ಉತ್ತರ ಆಫ್ರಿಕಾ, ಸಿಸಿಲಿ, ಫ್ರಾನ್ಸ್, ಬ್ಯಾಸ್ಟೋನ್, ಕೊನೆಗೆ ಅಧಿಕಾರ ಕಳೆದುಕೊಳ್ಳುವುದು. ನಿರ್ದೇಶಕ ಫ್ರಾಂಕ್ಲಿನ್ ಜೆ. ಶಾಫ್ನರ್. ಕ್ಯಾಮೆರಾ ಫ್ರೆಡ್ ಕೋನೆಕ್ಯಾಂಪ್. ಪ್ಯಾಟನ್ ಆಗಿ ಜಾರ್ಜ್ ಸಿ. ಸ್ಕಾಟ್. 172 ನಿಮಿಷ. ಏಳು ಆಸ್ಕರ್ ಬಂತು. ಅದರಲ್ಲಿ ಶ್ರೇಷ್ಠ ನಟನ ಪ್ರಶಸ್ತಿಯನ್ನು ಸ್ಕಾಟ್ ಬೇಡ ಅಂದುಬಿಟ್ಟರು. ಇದಿಷ್ಟು ಎಲ್ಲರಿಗೂ ಗೊತ್ತಿರುವುದೇ.

ಈ ಪ್ರಕರಣಕ್ಕೆ ಬೇಕಾದ ವಿಷಯ ಬೇರೆ. ಈ ಚಿತ್ರವನ್ನು 65 ಎಂಎಂ ನೆಗೆಟಿವ್ ಮೇಲೆ, ಡೈಮೆನ್ಷನ್ 150 ಎಂಬ ವ್ಯವಸ್ಥೆಯಲ್ಲಿ ತೆಗೆದರು. ದೊಡ್ಡ ಬಾಗಿದ ಪರದೆಗೆಂದು ರೂಪಿಸಿದ ವ್ಯವಸ್ಥೆ ಅದು. ಅದರಲ್ಲಿ ತಯಾರಾದದ್ದು ಎರಡೇ ಕಥಾಚಿತ್ರಗಳು, ಎರಡನೆಯದೇ ‘ಪ್ಯಾಟನ್’. 65 ಎಂಎಂ ಫ್ರೇಮ್‌ನ ವಿಸ್ತೀರ್ಣ ಆ ಕಾಲದ ಮಾಮೂಲಿ 35 ಎಂಎಂ ವೈಡ್‌ಸ್ಕ್ರೀನ್ ಫ್ರೇಮ್‌ನ ಸುಮಾರು ಮೂರು ಪಟ್ಟು. ಅಂದರೆ ಒಂದು ಮುಖ, ಒಂದು ಪದಕ, ದೂರದ ಒಂದು ಟ್ಯಾಂಕ್, ಎಲ್ಲಕ್ಕೂ ಮೂರು ಪಟ್ಟು ಜಾಗ. ಇಷ್ಟು ವಿವರ ಇಟ್ಟುಕೊಂಡು ಹುಟ್ಟಿದ ಚಿತ್ರದಿಂದ ವಿವರವನ್ನೇ ಒರೆಸಿ ಹಾಕಿದರು ಅನ್ನುವುದೇ ಇಲ್ಲಿನ ದುರಂತ.

ಮೊದಲ ಕ್ಯಾಸೆಟ್‌ಗಳ ಸಾಲಿನಲ್ಲಿ

‘ಪ್ಯಾಟನ್’ ಮನೆಗೆ ಬಂದ ಕಥೆ ಹೋಮ್ ವಿಡಿಯೊದ ಕಥೆಯಷ್ಟೇ ಹಳೆಯದು. 1972ರ ನವೆಂಬರ್‌ನಲ್ಲಿ ಎಬಿಸಿ ವಾಹಿನಿ ಅದನ್ನು ಪ್ರಸಾರ ಮಾಡಿತು. ತೆರೆಕಂಡು ಇನ್ನೂ ಮೂರು ವರ್ಷ ಆಗಿರಲಿಲ್ಲ, ಅಷ್ಟು ದೊಡ್ಡ ಚಿತ್ರಕ್ಕೆ ಅದು ಆಗ ಅಪರೂಪ. 1977ರಲ್ಲಿ ಮಿಶಿಗನ್‌ನ ಆಂಡ್ರೆ ಬ್ಲೇ ಎಂಬ ಉದ್ಯಮಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಚಿತ್ರಗಳ ಕ್ಯಾಸೆಟ್ ಹಕ್ಕು ಪಡೆದರು. ಅವರ ಕಂಪನಿ ಮ್ಯಾಗ್ನೆಟಿಕ್ ವಿಡಿಯೊ. ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಚಿತ್ರಗಳು ಜನಸಾಮಾನ್ಯರಿಗೆ ಮಾರಾಟಕ್ಕೆ ಸಿಕ್ಕಿದ್ದು ಅಲ್ಲಿಂದ. ಆ 50ರ ಪಟ್ಟಿಯಲ್ಲಿ ‘ಪ್ಯಾಟನ್’ ಇತ್ತು. ಒಂದು ಚಿತ್ರಕ್ಕೆ ಸುಮಾರು 50 ಡಾಲರ್.

ಅದಕ್ಕೂ ಮೊದಲು ಈ ಚಿತ್ರವನ್ನು ಬೇಕಾದಾಗ ಮನೆಯಲ್ಲಿ ಹಾಕಿಸಿಕೊಂಡು ನೋಡುವ ಭಾಗ್ಯ ಇದ್ದದ್ದು ಕೆಲವೇ ಮಂದಿಗೆ. ಅವರಲ್ಲಿ ಒಬ್ಬರು ಆಗಿನ ಅಮೆರಿಕ ಅಧ್ಯಕ್ಷ ರಿಚರ್ಡ್ ನಿಕ್ಸನ್. 1970ರ ಏಪ್ರಿಲ್‌ನಲ್ಲಿ, ಕಾಂಬೋಡಿಯಾಕ್ಕೆ ಸೇನೆ ನುಗ್ಗಿಸುವ ನಿರ್ಧಾರದ ಆಸುಪಾಸಿನಲ್ಲಿ, ಅವರು ಇದನ್ನು ಒಂದಕ್ಕಿಂತ ಹೆಚ್ಚು ಬಾರಿ ಹಾಕಿಸಿಕೊಂಡರು. ಅಧ್ಯಕ್ಷರ ಮೇಲೆ ಅದು ಎಷ್ಟು ಪ್ರಭಾವ ಬೀರಿತು ಎಂಬ ವಾದ ಇನ್ನೂ ನಿಂತಿಲ್ಲ. ಅದು ಬೇರೆ ಪುರಾಣ, ಬಿಡಿ.

ಕ್ಯಾಸೆಟ್‌ನಲ್ಲಿ ಸಿಕ್ಕಿದ್ದೇನು? ಆ ಕಾಲದ ವಿಎಚ್‌ಎಸ್ ಕ್ಯಾಸೆಟ್ ಹಿಡಿಯುತ್ತಿದ್ದದ್ದು ಎರಡು ಗಂಟೆ, ಹಾಗಾಗಿ ಚಿತ್ರವನ್ನು ಎರಡು ತುಂಡು ಮಾಡದೆ ವಿಧಿಯಿರಲಿಲ್ಲ. ಚಿತ್ರದ ಅಗಲ ಎತ್ತರದ 2.20 ಪಟ್ಟು. ಟಿವಿಯ ಅಗಲ ಎತ್ತರದ 1.33 ಪಟ್ಟು ಮಾತ್ರ. ಟಿವಿ ಪರದೆ ತುಂಬಬೇಕು ಅಂದರೆ ಚಿತ್ರದ ಸುಮಾರು ಶೇ 40 ಭಾಗವನ್ನು ಕತ್ತರಿಸಿ ಎಸೆಯಬೇಕು. ಉಳಿದ ಭಾಗವೂ ಅಡ್ಡಡ್ಡಲಾಗಿ ಸುಮಾರು 240 ಗೆರೆಗಳಷ್ಟೇ ಸ್ಪಷ್ಟ. ಶಬ್ದ ಒಂದೇ ಟ್ರ್ಯಾಕ್. ಥಿಯೇಟರಿನಲ್ಲಿ 70 ಎಂಎಂ ಪ್ರಿಂಟ್‌ನಲ್ಲಿ ಆರು ಟ್ರ್ಯಾಕ್ ಇತ್ತು.

ಇದರ ಪರಿಣಾಮ ಗೊತ್ತಾಗಲು ಆರಂಭದ ದೃಶ್ಯ ಒಂದು ಸಾಕು. ಪರದೆ ತುಂಬ ಅಮೆರಿಕದ ಧ್ವಜ. ‘ಸಾವಧಾನ್’ ಎಂಬ ಸೇನೆಯ ಕೂಗು ಕೇಳುತ್ತದೆ. ಕೆಳ ಅಂಚಿನಿಂದ ಒಬ್ಬ ಪುಟ್ಟ ಮನುಷ್ಯ ಮೆಟ್ಟಿಲು ಹತ್ತಿ ಬರುತ್ತಾನೆ. ನಿಲ್ಲುತ್ತಾನೆ. ಸೆಲ್ಯೂಟ್ ಹೊಡೆಯುತ್ತಾನೆ. ಕಹಳೆ ಮೊಳಗುವಾಗ ಕ್ಯಾಮೆರಾ ಒಂದೊಂದಾಗಿ ಹತ್ತಿರದಿಂದ ತೋರಿಸುತ್ತದೆ: ಕೈ, ಉಂಗುರ, ಪದಕಗಳು, ಚಾಟಿ, ದಂತದ ಹಿಡಿಯ ಪಿಸ್ತೂಲು, ಹೆಲ್ಮೆಟ್ ಮೇಲಿನ ನಕ್ಷತ್ರಗಳು. ಆಮೇಲೆ ಭಾಷಣ. ಈ ದೃಶ್ಯಕ್ಕೆ ಮ್ಯಾಡ್ರಿಡ್‌ನ ಸ್ಟುಡಿಯೊದ ಗೋಡೆಯ ಮೇಲೆ ಧ್ವಜವನ್ನು ಬಣ್ಣದಲ್ಲಿ ಬರೆಸಿದ್ದರು. ಇಡೀ ದೃಶ್ಯದ ಜೀವ ಇರುವುದು ಅಳತೆಯಲ್ಲಿ. ಧ್ವಜ ಅಷ್ಟು ದೊಡ್ಡದು, ಮನುಷ್ಯ ಇಷ್ಟು ಸಣ್ಣವನು, ಆದರೂ ಬಾಯಿ ಬಿಟ್ಟ ಕೂಡಲೇ ಧ್ವಜವೇ ಅವನ ಹಿಂದಿನ ಪರದೆಯಾಗುತ್ತದೆ. ಎರಡೂ ಬದಿ ಕತ್ತರಿಸಿದ ಕ್ಯಾಸೆಟ್‌ನಲ್ಲಿ ಧ್ವಜದ ಹರವು ಹೋಯಿತು. ಪದಕಗಳು ಎದೆ ಮೇಲಿನ ಬಣ್ಣದ ಕಲೆಗಳಾದವು. ಆದರೂ ಜನ ನೋಡಿದರು, ಇಷ್ಟಪಟ್ಟರು. ಸ್ಕಾಟ್ ದನಿಯೊಂದೇ ಅರ್ಧ ಚಿತ್ರ ಹೊತ್ತುಕೊಂಡು ಹೋಗುತ್ತದೆ. (ನಿಜವಾದ ಪ್ಯಾಟನ್ ದನಿ ತೆಳು, ಕೀರಲು. ಅವರ ಧ್ವನಿಮುದ್ರಣ ಕೇಳಿದವರು ಬೆಚ್ಚಿಬೀಳುತ್ತಾರೆ.)

1999ರಲ್ಲಿ ಡಿವಿಡಿ ಬಂತು. 2006ರಲ್ಲಿ ಇನ್ನೊಂದು ಡಿವಿಡಿ, ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರ ಕಾಮೆಂಟರಿ ಜೊತೆ. ಅಗಲ ವಾಪಸ್ ಬಂದಿತ್ತು. ವಿವರ ಮಾತ್ರ ಇನ್ನೂ ಬರಬೇಕಿತ್ತು. ಡಿವಿಡಿಯ 720 ಅಡ್ಡ, 480 ಉದ್ದದ ಜಾಗದಲ್ಲಿ ಗ್ರೇನ್ (ಫಿಲ್ಮ್ ಚಿತ್ರದ ಸಣ್ಣ ಕಣಗಳು) ಇದೆಯೋ ಇಲ್ಲವೋ ಅನ್ನುವ ಜಗಳಕ್ಕೆ ಆಸ್ಪದವೇ ಕಡಿಮೆ. ಬ್ಲೂ-ರೇಯಲ್ಲಿ ಪಿಕ್ಸೆಲ್ ಆರು ಪಟ್ಟು ಆಯಿತು. ಜಗಳವೂ ಶುರುವಾಯಿತು.

ಗ್ರೇನ್ ಅಂದರೆ ಕೊಳೆಯಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಕರಣದ ಗಂಟು ಇರುವುದು ಇಲ್ಲೇ.

ಫಿಲ್ಮ್ ಮೇಲೆ ಬೆಳಕಿಗೆ ಸ್ಪಂದಿಸುವ ಸಿಲ್ವರ್ ಹ್ಯಾಲೈಡ್ ಹರಳುಗಳ ಪದರ ಇರುತ್ತದೆ. ಕಲರ್ ಫಿಲ್ಮ್ ಡೆವಲಪ್ ಮಾಡುವಾಗ ಬೆಳಕು ಬಿದ್ದ ಹರಳಿನ ಸುತ್ತ ಬಣ್ಣದ ಒಂದು ಪುಟ್ಟ ಮೋಡ ಕಟ್ಟುತ್ತದೆ. ಆಮೇಲೆ ಬೆಳ್ಳಿಯನ್ನು ತೆಗೆದುಬಿಡುತ್ತಾರೆ, ಮೋಡ ಉಳಿಯುತ್ತದೆ. ಪರದೆಯ ಮೇಲೆ ನಾವು ನೋಡುವ ಮೂಗು, ಮೀಸೆ, ಆಕಾಶ ಎಲ್ಲವೂ ಆ ಮೋಡಗಳಿಂದಲೇ ಆದದ್ದು. ಅವು ಗುಂಪಾಗಿ ಕಾಣುವ ಬಗೆಯೇ ಗ್ರೇನ್. ಗೀರು, ದೂಳು, ಕೂದಲು ಇವೆಲ್ಲ ಫಿಲ್ಮ್ ಮೇಲೆ ಆಮೇಲೆ ಬಂದು ಕೂತ ಕೊಳೆ. ಅವನ್ನು ತೆಗೆಯಬೇಕು, ಯಾರೂ ಬೇಡ ಅನ್ನುವುದಿಲ್ಲ. ಗ್ರೇನ್ ಹಾಗಲ್ಲ. ಅದನ್ನು ತೆಗೆದರೆ ಅದರ ಜೊತೆ ಚಿತ್ರವೂ ಒಂದಿಷ್ಟು ಹೋಗುತ್ತದೆ.

ಇನ್ನೊಂದು ಸಂಗತಿ. ಹರಳುಗಳು ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಕಣ್ಣು ಅವನ್ನೆಲ್ಲ ಕೂಡಿಸಿಕೊಂಡು ನೋಡುತ್ತದೆ. ಒಂದು ಫ್ರೇಮ್‌ನಲ್ಲಿ ಹಿಡಿಯದ ಸೂಕ್ಷ್ಮ ವಿವರ ಹತ್ತು ಫ್ರೇಮ್ ಓಡಿದಾಗ ಕಣ್ಣಿಗೆ ಸಿಗುತ್ತದೆ. ಹಾಗಾಗಿಯೇ ನಿಲ್ಲಿಸಿದ ಫ್ರೇಮ್ ಒರಟಾಗಿ ಕಂಡರೂ ಓಡುವ ಚಿತ್ರ ಹರಿತವಾಗಿ ಕಾಣುತ್ತದೆ.

ಡಿಜಿಟಲ್ ನಾಯ್ಸ್ ರಿಡಕ್ಷನ್ ಅನ್ನುವ ಸಾಫ್ಟ್‌ವೇರ್‌ಗೆ ಇದೆಲ್ಲ ಗೊತ್ತಿಲ್ಲ. ಅದು ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ಹಿಂದಿನ ಮುಂದಿನ ಫ್ರೇಮ್‌ಗಳ ಜೊತೆ ಹೋಲಿಸಿ, ಬದಲಾಗುತ್ತಿರುವ ಸಣ್ಣ ಚುಕ್ಕಿಗಳನ್ನು ಸರಾಸರಿ ಮಾಡಿ ಅಳಿಸುವುದು. ಇನ್ನೊಂದು, ಒಂದೇ ಫ್ರೇಮ್‌ನಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ನುಣುಪು ಮಾಡುವುದು. ಹಿತಮಿತವಾಗಿ ಬಳಸಿದರೆ ಉಪಯೋಗ ಇದೆ. ಜಾಸ್ತಿ ಆದರೆ ಚರ್ಮದ ರಂಧ್ರ, ಗಡ್ಡದ ಕುರುಚಲು, ಉಣ್ಣೆ ಬಟ್ಟೆಯ ನೇಯ್ಗೆ, ದೂರದ ಹುಲ್ಲು ಎಲ್ಲವೂ ಅದರ ಕಣ್ಣಿಗೆ ನಾಯ್ಸ್. ಎಲ್ಲವನ್ನೂ ಒರೆಸುತ್ತದೆ. ಒರೆಸಿದ ಮೇಲೆ ಚಿತ್ರ ಮಂಕಾಯಿತು ಅನಿಸಿದರೆ ಅಂಚುಗಳನ್ನು ಕೃತಕವಾಗಿ ಹರಿತ ಮಾಡುವ ಇನ್ನೊಂದು ಉಪಕರಣ ಕೈಗೆ ಸಿಗುತ್ತದೆ. ಆಗ ಮುಖದ ಹೊರಗೆರೆ ಚುರುಕು, ಒಳಗೆ ಮಾತ್ರ ಖಾಲಿ.

ಯಾಕೆ ಹೀಗೆ ಮಾಡಿದರು? ದುಡ್ಡು ಉಳಿಸಲು ಅಂತ ಸುಮ್ನೆ ಹೇಳಿಬಿಡಬಹುದು, ಆದರೆ ಅದು ಪೂರ್ತಿ ಉತ್ತರ ಆಗಲಾರದು. 2008ರ ಫೆಬ್ರುವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನು (ಬ್ಲೂ-ರೇಯ ಎದುರಾಳಿ ಡಿಸ್ಕ್) ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು. ಹೊಸ ಫ್ಲಾಟ್ ಟಿವಿ ಕೊಂಡವರ ಎದುರು ಡಿಸ್ಕ್ ಮಾರಬೇಕಿತ್ತು. ಅವರ ಕಣ್ಣಿಗೆ ಹೈ ಡೆಫಿನಿಷನ್ ಅಂದರೆ ಹೊಳೆಯುವ ಕ್ರೀಡಾ ಪ್ರಸಾರ. ಪರದೆಯ ಮೇಲೆ ಗ್ರೇನ್ ಕುಣಿಯುವುದನ್ನು ಕಂಡರೆ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುವವರು ಆಗ ಕಡಿಮೆ ಇರಲಿಲ್ಲ. ಜೊತೆಗೆ ಡಿಸ್ಕ್‌ನ ಜಾಗದ ಲೆಕ್ಕ ಬೇರೆ. 172 ನಿಮಿಷ ಅಂದರೆ ಸುಮಾರು 2 ಲಕ್ಷ 47 ಸಾವಿರ ಫ್ರೇಮ್. ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ 600 ಮೆಗಾಬಿಟ್ ಹತ್ತಿರ ಬೇಕು. ಬ್ಲೂ-ರೇಯಲ್ಲಿ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 40. ಕುಗ್ಗಿಸುವ ತಂತ್ರ ನಿಂತಿರುವುದು ಮುಂದಿನ ಫ್ರೇಮ್ ಹಿಂದಿನದರ ಹಾಗೇ ಇರುತ್ತದೆ ಎಂಬ ಊಹೆಯ ಮೇಲೆ. ಗ್ರೇನ್ ಯಾವತ್ತೂ ಹಿಂದಿನದರ ಹಾಗಿರುವುದಿಲ್ಲ. ಗ್ರೇನ್ ಇಲ್ಲದ ಚಿತ್ರ ಕುಗ್ಗಿಸುವವನಿಗೆ ಹಬ್ಬ.

ಅದೇ ವರ್ಷ ಬ್ಲೂ-ರೇ ಆಗಿ ಬಂದ ಇನ್ನೊಂದು ದೊಡ್ಡ ಯುದ್ಧಚಿತ್ರ, ನಾರ್ಮಂಡಿ ಇಳಿತದ ಕಥೆಯ ‘ದಿ ಲಾಂಗೆಸ್ಟ್ ಡೇ’, ಅದರ ಬ್ಲೂ-ರೇ ಮೇಲೂ ಇದೇ ದೂರು ಬಂತು. ಅಂದರೆ ಒಬ್ಬ ತಂತ್ರಜ್ಞನ ಕೈ ಜಾರಿದ್ದಲ್ಲ, ಆ ಹೊತ್ತಿನ ಅಭಿರುಚಿಯೇ ಹಾಗಿತ್ತು.

ಒಳ್ಳೆಯ ಕಣ್ಣುಗಳೂ ಮೋಸಹೋದದ್ದು

ನನಗೆ ಈ ಪ್ರಕರಣದಲ್ಲಿ ಅತಿ ಕುತೂಹಲ ಅನಿಸುವುದು ಡಿಸ್ಕ್ ಮಾಡಿದವರ ತಪ್ಪಿಗಿಂತ, ಅದನ್ನು ಮೊದಲು ನೋಡಿದವರ ಮೆಚ್ಚುಗೆ. ಅವರೇನೂ ದಡ್ಡರಲ್ಲ. ಅವರ ಬಳಿ ಒಳ್ಳೆಯ ಕಾರಣವೇ ಇತ್ತು. ಚಿತ್ರ 65 ಎಂಎಂ ಅಲ್ವಾ? ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ಗ್ರೇನ್ ಬಹಳ ಸಣ್ಣ. ಆದ್ದರಿಂದ ಪರದೆ ನುಣ್ಣಗೆ ಕಂಡರೆ ಅದು ಫಾರ್ಮ್ಯಾಟ್‌ನ ಹಿರಿಮೆ. ಹೀಗೆ ತರ್ಕ ಮಾಡಿದರು. ಅರ್ಧ ನಿಜ ಇದ್ದದ್ದರಿಂದಲೇ ಈ ತರ್ಕ ದಾರಿ ತಪ್ಪಿಸಿತು. 65 ಎಂಎಂನಲ್ಲಿ ಗ್ರೇನ್ ಸಣ್ಣದಿರುತ್ತದೆ ಸರಿ. ಆದರೆ ಆಗ ಅದಕ್ಕೆ ತಕ್ಕಂತೆ ವಿವರ ಜಾಸ್ತಿಯೂ ಇರಬೇಕು. ಗ್ರೇನ್ ಇಲ್ಲ, ವಿವರವೂ ಇಲ್ಲ ಅಂದರೆ ಲೆಕ್ಕ ತಾಳೆಯಾಗುವುದಿಲ್ಲ. ಗ್ರೇನ್ ಇದೆಯಾ ಅಂತ ಹುಡುಕುವ ಬದಲು, ಮುಖದಲ್ಲಿ ಏನಿದೆ ಅಂತ ನೋಡಬೇಕಿತ್ತು.

ಹಾಗೆ ನೋಡಲು ಸರಿಯಾದ ಜಾಗ ಆಸ್ಪತ್ರೆ ಟೆಂಟ್‌ನ ದೃಶ್ಯ. ಸಿಸಿಲಿ, 1943ರ ಆಗಸ್ಟ್. ವಾಸ್ತವದಲ್ಲಿ ಒಂದು ವಾರದ ಅಂತರದಲ್ಲಿ ಪ್ಯಾಟನ್ ಇಬ್ಬರು ಸೈನಿಕರ ಮೇಲೆ ಕೈ ಮಾಡಿದ್ದರು, ಚಿತ್ರ ಎರಡನ್ನೂ ಸೇರಿಸಿ ಒಂದು ಮಾಡಿದೆ. ಟೆಂಟ್ ಒಳಗೆ ಬಂದ ಪ್ಯಾಟನ್ ಗಾಯಾಳುಗಳನ್ನು ಮಾತನಾಡಿಸುತ್ತಾರೆ. ಮುಖಕ್ಕೆಲ್ಲ ಬ್ಯಾಂಡೇಜ್ ಸುತ್ತಿದ ಒಬ್ಬನ ಪಕ್ಕ ಮಂಡಿಯೂರುತ್ತಾರೆ, ದಿಂಬಿನ ಮೇಲೆ ಪದಕ ಇಡುತ್ತಾರೆ, ಕಿವಿಯಲ್ಲಿ ಏನೋ ಹೇಳುತ್ತಾರೆ. ಎದ್ದು ನಿಂತಾಗ ಕಣ್ಣು ಒದ್ದೆ. ಆ ಕ್ಷಣದಲ್ಲೇ ಅಳುತ್ತಾ ಕೂತ ಇನ್ನೊಬ್ಬ ಸೈನಿಕ ಕಾಣುತ್ತಾನೆ, ಮೈಮೇಲೆ ಒಂದು ಗಾಯವಿಲ್ಲ. ಕರುಣೆ ಕೋಪವಾಗಿ ತಿರುಗುವುದು ಅಲ್ಲಿ. ಸ್ಕಾಟ್ ಅದನ್ನು ಮಾತಿನಲ್ಲಿ ಮಾಡುವ ಮೊದಲು ಮುಖದಲ್ಲಿ ಮಾಡಿ ಮುಗಿಸಿರುತ್ತಾರೆ. ಕೆನ್ನೆ ಬಿಗಿಯುತ್ತದೆ, ಕಣ್ಣ ಕೆಳಗಿನ ಚೀಲ ನಡುಗುತ್ತದೆ, ತುಟಿಯ ಪಕ್ಕದ ಗೆರೆ ಆಳವಾಗುತ್ತದೆ. ಈ ಚಿತ್ರದ ನಾಟಕ ನಡೆಯುವುದು ಅರ್ಧ ಇಂಚಿನ ಚರ್ಮದ ಮೇಲೆ.

ಆ ಚರ್ಮವನ್ನು ನುಣುಪು ಮಾಡಿದರೆ ಏನಾಗುತ್ತದೆ? ಕಥೆ ಅರ್ಥವಾಗುತ್ತದೆ, ಮಾತು ಕೇಳುತ್ತದೆ, ಹೊಡೆತ ಬೀಳುತ್ತದೆ. ಆದರೆ ಕರುಣೆಯಿಂದ ಕೋಪಕ್ಕೆ ದಾಟುವ ಆ ದಾರಿ ಅರ್ಧ ಅಳಿಸಿಹೋಗಿರುತ್ತದೆ. ಮನುಷ್ಯ ದಿಢೀರ್ ಅಂತ ಸಿಟ್ಟಾದ ಹಾಗೆ ಕಾಣುತ್ತದೆ. 2008ರ ಡಿಸ್ಕ್‌ನ ಬಗ್ಗೆ ನನ್ನ ದೊಡ್ಡ ತಕರಾರು ಇದು. ಪಿಕ್ಸೆಲ್ ಎಣಿಸುವವರ ಹಠ ಅಂತ ಈ ಜಗಳವನ್ನು ತಳ್ಳಿಹಾಕುವವರಿದ್ದಾರೆ. ನಟನೆಯನ್ನೇ ತಿದ್ದಿದ ಹಾಗಾಗುತ್ತದೆ ಅನ್ನುವುದನ್ನು ಅವರು ಗಮನಿಸುವುದಿಲ್ಲ.

ಎರಡನೇ ಜಾಗ ಎಲ್ ಗೆತ್ತಾರ್ ಕಾಳಗ. ಟುನೀಷಿಯಾ ಅಂತ ತೋರಿಸಿದರೂ ಚಿತ್ರೀಕರಣ ಸ್ಪೇನ್‌ನ ಅಲ್ಮೇರಿಯಾದಲ್ಲಿ. ಬಯಲು ತುಂಬ ಟ್ಯಾಂಕ್‌ಗಳು, ಅವುಗಳ ನಡುವೆ ನಡೆದು ಬರುವ ಸೈನಿಕರು, ಸ್ಫೋಟ, ದೂಳು. ಗುಡ್ಡದ ಮೇಲಿನಿಂದ ಬೈನಾಕ್ಯುಲರ್ ಹಿಡಿದ ಪ್ಯಾಟನ್ ನೋಡುತ್ತಿದ್ದಾರೆ. ಕ್ಯಾಸೆಟ್ ಕಾಲದಲ್ಲಿ ಈ ಬಯಲು ಕಂದು ಮಸುಕು. ಬ್ಲೂ-ರೇಯಲ್ಲಿ ಇದು ತೆರೆದುಕೊಳ್ಳಬೇಕು. 2.20ರ ಚಿತ್ರಕ್ಕೆ 1080 ಗೆರೆಗಳಲ್ಲಿ ಸಿಗುವುದು ಸುಮಾರು 870. ಅಷ್ಟರಲ್ಲೇ ದೂರದ ಒಬ್ಬೊಬ್ಬ ಮನುಷ್ಯನೂ ನಾಲ್ಕಾರು ಪಿಕ್ಸೆಲ್‌ನಷ್ಟು ಕಾಣುತ್ತಾನೆ. ನಾಲ್ಕಾರು ಪಿಕ್ಸೆಲ್‌ನಷ್ಟು ಇರುವ, ಫ್ರೇಮ್‌ನಿಂದ ಫ್ರೇಮ್‌ಗೆ ಅಲುಗುವ ವಸ್ತು! ನಾಯ್ಸ್ ಅಳಿಸುವ ಸಾಫ್ಟ್‌ವೇರ್ ಹುಡುಕುವುದು ಇಂಥದ್ದನ್ನೇ. ದೂಳು, ಹೊಗೆ, ಬೀಳುವ ಹಿಮ ಎಲ್ಲ ಅದಕ್ಕೆ ಗೊಂದಲ. ಯುದ್ಧಚಿತ್ರದಲ್ಲಿ ಈ ಮೂರನ್ನು ಬಿಟ್ಟರೆ ಉಳಿಯುವುದೇನು?

ಪಾಸ್ ಬಟನ್ ಇರುವುದರಿಂದ ಸಿಕ್ಕ ಒಂದು ಮಜಾ ಇದೆ. ಜರ್ಮನ್ ಶಿಲುಬೆ ಗುರುತು ಹಾಕಿಕೊಂಡು ಬರುವ ಟ್ಯಾಂಕ್‌ಗಳನ್ನು ನಿಲ್ಲಿಸಿ ನೋಡಿ. ಅವು ಯುದ್ಧ ಮುಗಿದ ಮೇಲೆ ಅಮೆರಿಕದಲ್ಲೇ ತಯಾರಾದವು. ಸ್ಪೇನ್ ಸೇನೆ ಚಿತ್ರೀಕರಣಕ್ಕೆ ಕೊಟ್ಟದ್ದು. ಆ ಟ್ಯಾಂಕ್ ಸರಣಿಯ ಹೆಸರೇ ಪ್ಯಾಟನ್! ಅಂದರೆ ಪ್ಯಾಟನ್ ಹೊಡೆದುರುಳಿಸುತ್ತಿರುವುದು ಪ್ಯಾಟನ್ ಟ್ಯಾಂಕ್‌ಗಳನ್ನು. ಬೀದಿಯಲ್ಲಿ ನಿಂತು ಅವರು ಪಿಸ್ತೂಲಿನಿಂದ ಗುಂಡು ಹಾರಿಸುವ ಆ ಜರ್ಮನ್ ಬಾಂಬರ್‌ಗಳು ಸ್ಪೇನ್‌ನಲ್ಲೇ ತಯಾರಾದ ಹೈಂಕೆಲ್ ಮಾದರಿಯ ಕಾಸಾ ವಿಮಾನಗಳು. ಆರಂಭದ ಭಾಷಣದಲ್ಲಿ ಹೆಲ್ಮೆಟ್ ಮೇಲೆ ನಾಲ್ಕು ನಕ್ಷತ್ರ ಇದೆ. ಪ್ಯಾಟನ್‌ಗೆ ನಾಲ್ಕನೆಯದು ಸಿಕ್ಕಿದ್ದು 1945ರ ಏಪ್ರಿಲ್‌ನಲ್ಲಿ, ಅಂಥ ಭಾಷಣಗಳನ್ನು ಅವರು ಮಾಡಿದ್ದು 1944ರಲ್ಲಿ. ಥಿಯೇಟರಿನಲ್ಲಿ ಇವೆಲ್ಲ ಕಣ್ಣ ಮುಂದೆ ಹಾದುಹೋಗುತ್ತಿದ್ದವು. ಮನೆಯಲ್ಲಿ ನಿಲ್ಲಿಸಿ ಜಗಳ ಆಡಬಹುದು. ಇದರಿಂದ ಚಿತ್ರದ ಬೆಲೆ ಕಡಿಮೆಯಾಗುತ್ತದೆ ಅಂತ ನನಗನಿಸುವುದಿಲ್ಲ. ನೂರಾರು ನಿಜವಾದ ಮನುಷ್ಯರು, ನಿಜವಾದ ಕಬ್ಬಿಣ, ನಿಜವಾದ ಬಯಲು. ಟ್ಯಾಂಕ್ ಮಾಡೆಲ್ ತಪ್ಪಿದ್ದರೂ ಅದು ಎಬ್ಬಿಸುವ ದೂಳು ಸುಳ್ಳಲ್ಲ.

ಶಬ್ದದ ವಿಷಯದಲ್ಲಿ 2008ರ ಡಿಸ್ಕ್ ಮೇಲೆ ಹೇಳಿಕೊಳ್ಳುವಂಥ ದೂರಿಲ್ಲ. ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತದಲ್ಲಿ ಟ್ರಂಪೆಟ್‌ನ ಮೂರು ಸ್ವರಗಳ ಒಂದು ಕರೆ ಬರುತ್ತದೆ, ಎಕೋಪ್ಲೆಕ್ಸ್ ಎಂಬ ಟೇಪ್ ಯಂತ್ರದಲ್ಲಿ ಹಾಯಿಸಿದ್ದು. ಮೂರು ಸ್ವರ, ಮತ್ತೆ ಅದೇ ಮೂರು ಇನ್ನಷ್ಟು ದೂರದಿಂದ, ಮತ್ತೆ ಇನ್ನೂ ದೂರದಿಂದ. ತಾನು ಹಿಂದಿನ ಜನ್ಮಗಳಲ್ಲೂ ಯೋಧನಾಗಿದ್ದೆ ಎಂದು ನಂಬಿದ ಮನುಷ್ಯನಿಗೆ ಬೇಕಾದ ಸಂಗೀತ. ಕ್ಯಾಸೆಟ್‌ನ ಹಿನ್ನೆಲೆಯ ಸೊಯ್ ಸದ್ದಿನಲ್ಲಿ ಆ ಬಾಲ ಬೇಗ ಮುಳುಗುತ್ತಿತ್ತು. ಬ್ಲೂ-ರೇಯ ಶಬ್ದದಲ್ಲಿ ಅದು ಕೊನೆಯವರೆಗೂ ಕೇಳುತ್ತದೆ. ಗಮನಿಸಿ, ಶಬ್ದದಲ್ಲಿ ಯಾರೂ ಆ ಕ್ಷೀಣ ಬಾಲವನ್ನು ಕೊಳೆ ಅಂತ ಒರೆಸಲು ಹೋಗಲಿಲ್ಲ.

2012, ಆಮೇಲೆ 2013

2012ರ ಬ್ಲೂ-ರೇ ಹೊಸದಾಗಿ ಸಿದ್ಧಪಡಿಸಿದ ಚಿತ್ರ. ಗ್ರೇನ್ ವಾಪಸ್ ಬಂತು. ಗ್ರೇನ್ ಜೊತೆ ಸ್ಕಾಟ್ ಮುಖದ ಸುಕ್ಕು, ಸಮವಸ್ತ್ರದ ನೇಯ್ಗೆ, ಕೂದಲು ಕೂಡ ವಾಪಸ್ ಬಂದವು. ಸ್ಟುಡಿಯೊ ಮೊದಲಿನದನ್ನು ತಪ್ಪು ಅಂತ ಡಂಗುರ ಸಾರಬೇಕಿರಲಿಲ್ಲ, ಹೊಸದು ಬಂದದ್ದೇ ಉತ್ತರ. ದೂರು ಹೇಳಿದವರ ಗೆಲುವು ಅಂತ ಇಲ್ಲಿಗೆ ಮುಗಿಸಬಹುದಿತ್ತು.

ಆದರೆ 2013ರಲ್ಲಿ ಬ್ರಿಟನ್‌ನಲ್ಲಿ ಇದೇ ಚಿತ್ರದ ಬ್ಲೂ-ರೇ ಬಂದಾಗ ಅದರಲ್ಲಿ ಹಾಕಿದ್ದು 2008ರ ಹಳೆಯ ಚಿತ್ರವನ್ನೇ! ಸರಿಯಾದದ್ದು ತಯಾರಾಗಿ ಮಾರುಕಟ್ಟೆಯಲ್ಲಿ ಇದ್ದ ಮೇಲೂ. ಯಾಕೆ ಹೀಗಾಯಿತು ಅನ್ನುವುದಕ್ಕೆ ದೊಡ್ಡ ಪಿತೂರಿ ಬೇಕಿಲ್ಲ. ಒಂದು ಚಿತ್ರಕ್ಕೆ ಹಲವು ಡಿಜಿಟಲ್ ಮಾಸ್ಟರ್‌ಗಳು (ಡಿಸ್ಕ್ ಮಾಡಲು ಬಳಸುವ ಮೂಲ ಪ್ರತಿಗಳು) ಕಪಾಟಿನಲ್ಲಿ ಇರುತ್ತವೆ, ಒಂದೊಂದು ದೇಶದ ವಿಭಾಗ ಒಂದೊಂದನ್ನು ಎತ್ತಿಕೊಳ್ಳುತ್ತದೆ. ಕೊಳ್ಳುವವರಿಗೆ ಇದರಿಂದ ಒಂದು ಕಿರಿಕಿರಿ ಉಳಿಯಿತು: ಡಿಸ್ಕ್ ಮೇಲಿನ ವರ್ಷ ಹೊಸದಾದರೆ ಒಳಗಿರುವುದೂ ಹೊಸದು ಅಂತ ನಂಬುವ ಹಾಗಿಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಗ್ರೇನ್ ಇದ್ದದ್ದೆಲ್ಲ ಒಳ್ಳೆಯದು ಅನ್ನುವ ಹಠವೂ ಅತಿಯೇ. ನೆಗೆಟಿವ್‌ನಿಂದ ಪ್ರಿಂಟ್, ಪ್ರಿಂಟ್‌ನಿಂದ ಇನ್ನೊಂದು ಪ್ರಿಂಟ್ ಅಂತ ಹೋದಷ್ಟೂ ಗ್ರೇನ್ ದಪ್ಪವಾಗುತ್ತದೆ, ವಿವರ ಕಳೆಯುತ್ತದೆ. ಮೂರನೇ ನಾಲ್ಕನೇ ತಲೆಮಾರಿನ ಪ್ರಿಂಟ್‌ನ ಗ್ರೇನ್ ನಿರ್ದೇಶಕ ಬಯಸಿದ್ದೇನಲ್ಲ. ಅಲ್ಲಿ ಹಗುರವಾಗಿ ಕೈಯಾಡಿಸಿದರೆ ನನ್ನದೇನೂ ಆಕ್ಷೇಪ ಇಲ್ಲ. ಕೆಲವು ನಿರ್ದೇಶಕರು, ಛಾಯಾಗ್ರಾಹಕರು ತಾವೇ ಗ್ರೇನ್ ಬೇಡ ಅಂದದ್ದೂ ಇದೆ. ‘ಪ್ಯಾಟನ್’ ಮಟ್ಟಿಗೆ ಆ ಸಮರ್ಥನೆ ನಿಲ್ಲುವುದಿಲ್ಲ, ಯಾಕಂದರೆ 65 ಎಂಎಂನಲ್ಲಿ ಅಳಿಸಲೇಬೇಕಾದಷ್ಟು ಗ್ರೇನ್ ಇರಲೇ ಇಲ್ಲ.

ಈಗ ಈ ಚಿತ್ರ ನೋಡಲು ಹೊರಟವರು ಮಾಡಬಹುದಾದದ್ದು ಏನು? ಡಿಸ್ಕ್ ಕೊಳ್ಳುವುದಾದರೆ 2012ರ ಅಮೆರಿಕನ್ ಬಿಡುಗಡೆಯದೇ ಎಂದು ಖಾತ್ರಿ ಮಾಡಿಕೊಳ್ಳಿ. ಅಮೆರಿಕದ ಡಿಸ್ಕ್ ನಿಮ್ಮ ಪ್ಲೇಯರ್‌ನ ರೀಜನ್‌ಗೆ (ಯಾವ ಪ್ರದೇಶದ ಡಿಸ್ಕ್ ಓಡುತ್ತದೆ ಎಂಬ ಗುರುತು) ಹೊಂದುತ್ತದಾ ಅಂತಲೂ ನೋಡಿ. ಯಾವುದು ಕೈಗೆ ಬಂತು ಅಂತ ಗೊತ್ತಾಗದಿದ್ದರೆ ಆಸ್ಪತ್ರೆ ದೃಶ್ಯಕ್ಕೆ ಹೋಗಿ. ಮೊದಲು ಓಡಿಸಿ ನೋಡಿ, ಆಮೇಲೆ ನಿಲ್ಲಿಸಿ. ಸ್ಕಾಟ್ ಕೆನ್ನೆಯಲ್ಲಿ ರಂಧ್ರ ಕಾಣಬೇಕು. ಸಮವಸ್ತ್ರ ಬಟ್ಟೆಯ ಹಾಗೆ ಕಾಣಬೇಕು, ಬಣ್ಣ ಬಳಿದ ಹಲಗೆಯ ಹಾಗಲ್ಲ. ಟೆಂಟ್‌ನ ಮಂದ ಬೆಳಕಿನ ಮೂಲೆಗಳಲ್ಲಿ ಸಣ್ಣ ಚಲನೆ ಇರಬೇಕು.

ಸ್ಟ್ರೀಮಿಂಗ್‌ನಲ್ಲಿ ನೋಡುವುದಾದರೆ ಹಣೆಬರಹ ಬೇರೆ. ಮೂಲ ಒಳ್ಳೆಯದಾಗಿದ್ದರೂ ಅಲ್ಲಿ ಸೆಕೆಂಡಿಗೆ ಸಿಗುವ ಬಿಟ್‌ಗಳು ಡಿಸ್ಕ್‌ಗಿಂತ ತೀರಾ ಕಡಿಮೆ, ಗ್ರೇನ್ ದಾರಿಯಲ್ಲೇ ಕರಗುತ್ತದೆ. 2018ರಲ್ಲಿ ಬಂದ ಎವಿ1 ಎಂಬ ಕೋಡೆಕ್‌ನಲ್ಲಿ (ವಿಡಿಯೊ ಕುಗ್ಗಿಸುವ ವಿಧಾನ) ಇದಕ್ಕೊಂದು ಜಾಣ ಉಪಾಯ ಇದೆ. ಕಳಿಸುವ ಕಡೆ ಗ್ರೇನ್ ತೆಗೆದುಬಿಡುತ್ತಾರೆ, ಅದು ಯಾವ ಬಗೆಯದು ಎಂಬ ಲೆಕ್ಕವನ್ನಷ್ಟೇ ಕಳಿಸುತ್ತಾರೆ, ನಿಮ್ಮ ಉಪಕರಣ ಅದೇ ಬಗೆಯ ಹೊಸ ಗ್ರೇನ್ ಹುಟ್ಟಿಸಿ ಮೇಲೆ ಹಾಕುತ್ತದೆ. ಚೆನ್ನಾಗಿಯೇ ಕಾಣುತ್ತದೆ. ಒಂದೇ ತೊಂದರೆ, ತೆಗೆಯುವಾಗ ಕಳೆದ ಚರ್ಮ ಹೊಸ ಗ್ರೇನ್ ಜೊತೆ ಹುಟ್ಟುವುದಿಲ್ಲ.

ಕೊನೆಗೆ ಟಿವಿ. ಬಹಳಷ್ಟು ಟಿವಿಗಳಲ್ಲಿ ನಾಯ್ಸ್ ರಿಡಕ್ಷನ್ ಕಾರ್ಖಾನೆಯಿಂದಲೇ ಆನ್ ಆಗಿ ಬರುತ್ತದೆ. ಎಷ್ಟೇ ಒಳ್ಳೆಯ ಡಿಸ್ಕ್ ಹಾಕಿದರೂ 2008ರಲ್ಲಿ ಸ್ಟುಡಿಯೊ ಮಾಡಿದ ಕೆಲಸವನ್ನು ಟಿವಿ ಮನೆಯಲ್ಲೇ ಮಾಡಿಕೊಡುತ್ತದೆ. ಅದರ ಜೊತೆ ಚಲನೆಯನ್ನು ನಯ ಮಾಡುವ ಸೆಟ್ಟಿಂಗ್ ಬೇರೆ. ಅದು ಫ್ರೇಮ್‌ಗಳ ನಡುವೆ ಸುಳ್ಳು ಫ್ರೇಮ್ ತುರುಕುತ್ತದೆ, ಟ್ಯಾಂಕ್‌ಗಳು ಧಾರಾವಾಹಿಯ ಸೆಟ್‌ನಲ್ಲಿ ಓಡುತ್ತಿರುವಂತೆ ಕಾಣುತ್ತವೆ. ಎರಡನ್ನೂ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ. 2019ರ ನಂತರದ ಹಲವು ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತ ಒಂದಿದೆ, ಅದನ್ನು ಆರಿಸಿದರೆ ಇದೆಲ್ಲ ಒಟ್ಟಿಗೇ ಆಫ್ ಆಗುತ್ತದೆ. ಮೊದಲ ಐದು ನಿಮಿಷ ಚಿತ್ರ ಮಂಕು ಅನಿಸಬಹುದು. ಧ್ವಜದ ಮುಂದಿನ ಭಾಷಣ ಮುಗಿಯುವ ಹೊತ್ತಿಗೆ ಕಣ್ಣು ಹೊಂದಿಕೊಂಡಿರುತ್ತದೆ.